ಕೂಗಳತೆ

ಮಿಂದೆಲೊ ಬಂದರಿನ ಹಿಂದಿನ ಓಣಿಯಲ್ಲಿ
ನನ್ನದು ಸ್ಪೀಕರು ಬಾಡಿಗೆ ಅಂಗಡಿ.
ಬಂದವರನ್ನು ನಾನು ಕೇಳುವುದು ಒಂದೇ:
ಜನ ಎಷ್ಟು?

ಎಲ್ಲರೂ ಸುಳ್ಳು ಹೇಳುತ್ತಾರೆ.
ಮದುವೆಯವರು ಇನ್ನೂರು ಅಂದರೆ ಮುನ್ನೂರು.
ಚುನಾವಣೆಯವರು ಸಾವಿರ ಅಂದರೆ
ಕುರ್ಚಿಗಳನ್ನೂ ಎಣಿಸಿದ್ದಾರೆ.
ಐವತ್ತಕ್ಕೆ ಒಂದು ಕೈಪೆಟ್ಟಿಗೆ ಸಾಕು,
ಇನ್ನೂರಕ್ಕೆ ಎರಡು, ಕೋಲಿನ ಮೇಲೆ, ತಲೆಗಿಂತ ಎತ್ತರ;
ಬಯಲಾದರೆ ಅದರ ದುಪ್ಪಟ್ಟು.
ಈ ಊರಿನ ಗಾಳಿ ಟಿಕೆಟ್ಟಿಲ್ಲದೆ ಬಂದು
ಅರ್ಧ ಹಾಡು ತಿಂದು ಹೋಗುತ್ತದೆ.
ಕಿಕ್ಕಿರಿದ ಮೈಗಳೂ ಹಾಗೇ, ದನಿ ಕುಡಿಯುತ್ತವೆ.
ಖಾಲಿ ಹಾಲಿನಲ್ಲಿ ಚೆನ್ನಾಗಿ ಕೇಳಿಸಿದ್ದನ್ನು ನಂಬಬೇಡಿ.

ಜುಲ್ಮಿರಾ ಬಂದಳು, ಮೀನಿನ ಡಬ್ಬಿ ಕಾರ್ಖಾನೆಯವಳು,
ಮೊಣಕೈವರೆಗೂ ಉಪ್ಪು.
ಎಷ್ಟು ಅಂದೆ.
"ಹನ್ನೊಂದು."
ಸುಮಾರಾಗಿಯೋ?
"ಹನ್ನೊಂದು. ಶುಕ್ರವಾರ ಬಾಗಿಲು ಹಾಕುತ್ತಾರೆ.
ಕೊನೆಯ ಪಾಳಿಗೆ ಹಾಡುತ್ತೇನೆ.
ಇಷ್ಟು ವರ್ಷ ಯಂತ್ರದ ಸದ್ದಿನ ಮೇಲೆ ಕಿರುಚಿ ಹಾಡಿದ್ದು.
ಜೋರಿನದೇ ಕೊಡು."

ಹನ್ನೊಂದಕ್ಕೆ ಪೆಟ್ಟಿಗೆಯೇ ಬೇಡ ಅನ್ನಬೇಕಿತ್ತು.
ವ್ಯಾಪಾರಿ ನಾನು. ಬ್ಯಾಟರಿಯದ್ದು ಕೊಟ್ಟೆ,
ಚಾರ್ಜು ತುಂಬಿಸಿ.

ಶನಿವಾರ ತರಲು ಹೋದೆ. ಗೇಟಿನ ಹತ್ತಿರ ಕಾದಿದ್ದಳು.
ನಾಲ್ಕು ಹಸಿರು ದೀಪ, ನಾಲ್ಕೂ ಹಾಗೇ.
ಪೆಟ್ಟಿಗೆಯ ನೆತ್ತಿಯಲ್ಲಿ ಮಾತ್ರ ಬಿಳಿ ಉಪ್ಪಿನ ಗುರುತು, ಅಗಲವಾಗಿ:
ಮಂಡಿನೋವಿನ ಎರ್ಮೆಲಿಂದಾ ಅಜ್ಜಿ
ಹಾಡು ಮುಗಿಯುವವರೆಗೂ ಅದರ ಮೇಲೇ ಕೂತಿದ್ದಳಂತೆ.

ಯಂತ್ರಗಳು ನಿಂತಿದ್ದವು.
ಬಾಡಿಗೆ ಪೂರ್ತಿ ಎಣಿಸಿಕೊಟ್ಟಳು, ಪಿಸುದನಿಯಲ್ಲಿ.
ರಸ್ತೆಯಾಚೆಯ ನಾಯಿ ಕಿವಿ ನಿಮಿರಿಸಿತು.