ಮೂರಕ್ಕೊಂದು

ನಾರಾ ಸೀಮೆಯ ತೆಂಕಣ ಬೆಟ್ಟ. ಹಕ್ಕಿಯಿಲ್ಲ, ಹುಲ್ಲಿಲ್ಲ.
ಹಿನೊಕಿ ಮರಗಳು ಮಾತ್ರ, ಹೆಗಲಿಗೆ ಹೆಗಲು ತಾಗಿಸಿ
ಬಸ್ಸಿಗೆ ಕಾದವರ ಹಾಗೆ ನಿಂತಿವೆ.
ಅರವತ್ತು ವರ್ಷ ದಾಟಿತು, ಬಸ್ಸು ಬಂದಿಲ್ಲ.
ಬುಡದಲ್ಲಿ ನಡುಮಧ್ಯಾಹ್ನವೂ ಮುಸ್ಸಂಜೆ.
ಮಳೆಗೆ ಅಡ್ಡ ನಿಲ್ಲಲು ಒಂದು ಜರಿಗಿಡವೂ ಇಲ್ಲದೆ
ಮಣ್ಣು ಕೊಚ್ಚಿಹೋಗಿ
ಬೇರುಗಳು ಮುಂಗೈ ನರಗಳಂತೆ ಉಬ್ಬಿವೆ.

ನನ್ನ ಕೈಯಲ್ಲಿ ಗುಲಾಬಿ ಟೇಪಿನ ಸುರುಳಿ.
ಚಿಹಾರು ಬೆಳಕಿನ ಮೀಟರು ಹಿಡಿದು ಕೆಳಗಿನಿಂದ ಕೂಗುತ್ತಾಳೆ:
"ಎರಡು! ನೂರಕ್ಕೆ ಎರಡೇ!"
ಮಿಕ್ಕ ತೊಂಬತ್ತೆಂಟು ಮೇಲಿನ ಪಂಕ್ತಿಯಲ್ಲೇ ಖರ್ಚಾಗಿದೆ.
ಹಿರಿಯರೆಲ್ಲ ಉಂಡೆದ್ದ ಮೇಲೆ
ತಳ ಕೆರೆದರೂ ಅಗುಳು ಸಿಗದ ಪಾತ್ರೆ, ಈ ನೆಲ.

ತೊಕುಜಿಗೆ ಎಂಬತ್ತನಾಲ್ಕು.
ಈ ಇಳಿಜಾರಿಗೆ ಸಸಿ ಹೊತ್ತು ತಂದಾಗ
ಇಪ್ಪತ್ತೂ ತುಂಬಿರಲಿಲ್ಲ.
ಬೆನ್ನಿನ ಬುಟ್ಟಿಯಲ್ಲಿ ಇನ್ನೂರು ಸಸಿ, ಸೊಂಟದಲ್ಲಿ ಅನ್ನದುಂಡೆ,
ಹೆಕ್ಟೇರಿಗೆ ಮೂರು ಸಾವಿರ.
"ಒತ್ತೊತ್ತಾಗಿ ನೆಡಿ, ನೆಟ್ಟಗೆ ಬೆಳೆಯುತ್ತವೆ,
ಆಮೇಲೆ ಕಡಿದು ಸಡಿಲಿಸಿ ಅಂದರು.
ನೆಟ್ಟೆವು.
ಮರದ ಬೆಲೆ ಬಿತ್ತು. ಆಮೇಲೆ ಅನ್ನುವುದು ಬರಲೇ ಇಲ್ಲ."

ಮೂರಕ್ಕೊಂದು ಹೋಗಬೇಕು.
ಯಾವುದು?
ಸೊಟ್ಟಗಿದ್ದದ್ದು ಸುಲಭ, ಟೇಪು ಸುತ್ತುತ್ತೇನೆ.
ಕರಡಿ ತೊಗಟೆ ಸುಲಿದದ್ದು, ಹಿಮಕ್ಕೆ ತುದಿ ಮುರಿದದ್ದು, ಸುಲಭ.
ಆಮೇಲೆ ಉಳಿಯುವುದು ಒಳ್ಳೆಯವೇ.
ಒಂದರ ಮುಂದೆ ನಿಂತು ತೊಕುಜಿ ಟೋಪಿ ತೆಗೆದ.
ಅದು ಅವನ ತಮ್ಮ ನೆಟ್ಟ ಸಾಲು.
ನಾನು ಸುರುಳಿಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ.
ಅವನೇ ಕೈ ಚಾಚಿದ:
"ಕೊಡಿಲ್ಲಿ. ನೀನು ಹಾಕುವ ಗಂಟು ಜಾರುತ್ತದೆ."

ಮರ ಬಿತ್ತು.
ಸದ್ದಿಗಿಂತ ಮೊದಲು ಬೆಳಕು ಬಿತ್ತು.
ನಾವು ಮೂವರೂ ಕಣ್ಣಿಗೆ ಕೈ ಅಡ್ಡ ಹಿಡಿದೆವು,
ನಮ್ಮ ಕೈಗಳ ನೆರಳು
ಆ ನೆಲಕ್ಕೆ ಹೊಸದು.

ಎರಡನೆಯ ಬೇಸಿಗೆಗೆ, ಯಾರೂ ಬಿತ್ತದೆ,
ಈ ಮರಗಳಿಗಿಂತ ಹಳೆಯ ನಿದ್ದೆಯಿಂದ ಎದ್ದು ಬಂದವು:
ಅಕಾಮೆಗಾಶಿವಾ, ಚಿಗುರಿಗೆಲ್ಲ ಕುಂಕುಮ ಮೆತ್ತಿಕೊಂಡು;
ಮೈತುಂಬ ಮುಳ್ಳಿನ ತಾರಾ;
ಇನ್ನೂ ಮುಷ್ಟಿ ಬಿಚ್ಚದ ಜರಿಗಿಡ;
ಚಿಹಾರು ತನ್ನ ಪುಸ್ತಕದಲ್ಲಿ
"ಬಿಳಿ, ಐದೆಸಳು, ಗೊತ್ತಿಲ್ಲ" ಎಂದು ಬರೆದ ಒಂದು.
ತೊಕುಜಿ ನಕ್ಕೂ ನಕ್ಕೂ ಕೆಮ್ಮಿದ:
"ಏಳು ಬೇಸಿಗೆ ಕುಡುಗೋಲು ಹಿಡಿದು ಸವರಿದ ಕಳೆ ಕಣೇ ಇದು!
ಒಂದೊಂದರ ಮುಖವೂ ಗೊತ್ತು ನನಗೆ."

ಸುದ್ದಿ ಜಿಂಕೆಗಳಿಗೂ ಮುಟ್ಟಿತು.
ಚಳಿಗಾಲದೊಳಗೆ ಮೊಣಕಾಲಿನಿಂದ ಮೇಲೆ ಏನೂ ಉಳಿಯಲಿಲ್ಲ.
ಈಗ ಬಲೆ ಕಟ್ಟಿದ್ದೇವೆ.
ಕಣ್ಣಿಯಿಂದ ಹೊರಗೆ ಇಣುಕಿದ ಎಲೆ
ಇಣುಕಿದಷ್ಟೇ ಮಾಯ, ಕತ್ತರಿಯಲ್ಲಿ ಅಳೆದ ಹಾಗೆ.
ಒಳಗೆ ಸೊಂಟದೆತ್ತರ ಹಸಿರು.
ಮೀಟರು ಹದಿನೇಳು ಅನ್ನುತ್ತದೆ.

ಟೇಪು ಇನ್ನೂ ಅರ್ಧ ಸುರುಳಿ ಇದೆ.
ತೊರೆಯಾಚೆಯ ಇಳಿಜಾರಿಗೆ ನಾಳೆ ಹೋಗಬೇಕು,
ಅಲ್ಲಿನ್ನೂ ಮುಸ್ಸಂಜೆ.