ತೊಲಕ್ಕೆ ಕಡಿಮೆ

ಜೋಳದ ಹಿಟ್ಟಿನ ಡಬ್ಬಿಯೊಳಗಿಂದ ತೆಗೆದಳು,
ಹಳೆಯ ಇಳಕಲ್ ಸೆರಗಿನ ತುಂಡು ಬಿಚ್ಚಿ
ನನ್ನ ಸಾಣೆಕಲ್ಲಿನ ಪಕ್ಕ ಇಟ್ಟಳು.
'ದಸ್ತಗೀರ ಕಾಕಾ, ಏನಿದು, ಎಲ್ಲೀದು,
ಏನ ಬರತೈತಿ ಇದಕ್ಕ, ಖರೇ ಹೇಳ್ರಿ.'

ಉಮದಿಯ ಸುಸಲವ್ವ,
ಕಿರಾಣಿ ಅಂಗಡಿ ಅಮಗೊಂಡನ ಮೊಮ್ಮಗಳು.

ಅದರ ಬಾಯಿಯನ್ನು ಗೋಡೆಗೆ ತಿರುಗಿಸಿದೆ.
ಖಾಲಿ ಐತಿ ಅಂದವರನ್ನು ನಂಬಬೇಡ, ಇದು ಅಪ್ಪನ ಮಾತು.
ಹಿಡಿಯ ಬುಡದ ಕೊಕ್ಕೆ ಹಿಂದಕ್ಕೊತ್ತಿ
ಮ್ಯಾಗಝಿನ್ ಎಳೆದೆ, ಬಂತು ಕಷ್ಟಪಟ್ಟು,
ಬಾಯಿ ಬಿಡದ ಮುದುಕನ ಹಲ್ಲಿನ ಸೆಟ್ಟಿನ ಹಾಗೆ.

ಸೀಮೆಎಣ್ಣೆಯ ಅರಿವೆಯಿಂದ ಒರೆಸಿದೆ.
ಎಡ ಮಗ್ಗುಲಿಗೆ ಕಿರೀಟ, ಕೆಳಗೆ ಎರಡಕ್ಷರ:
ಇಟಲಿ ರಾಜನ ದಂಡಿನದು.
ಬೆರೆಟ್ಟಾ. ಒಂಬತ್ತರ ಗಿಡ್ಡ ಗುಂಡು.
೧೯೪೦, ಅದರ ಮುಂದೆ
ಒಂದು ಕತ್ತರಿ, ಒಂದು ಕವಣೆ, ಮೂರು ಕಡ್ಡಿ.
ಹದಿನೆಂಟು ಅಂತ ಓದಬೇಕು ಅದನ್ನು.
ತಾನು ಗದ್ದುಗೆ ಏರಿದ ದಿನವೇ
ಕಾಲ ಹುಟ್ಟಿತೆಂದು ಒಬ್ಬ ಎಣಿಸಿಕೊಂಡ ವರ್ಷ.
ಇಪ್ಪತ್ತೈದು ಮುಟ್ಟಲಿಲ್ಲ ಆ ಲೆಕ್ಕ.
ನಮ್ಮ ಪಂಚಾಂಗದಲ್ಲಿ ಆಗ ವಿಕ್ರಮ ಸಂವತ್ಸರ,
ಯಾರ ವಿಕ್ರಮವೋ.

'ಅಜ್ಜ ಕೆರಿ ಮ್ಯಾಲ ಲಡಾಯಿ ಮಾಡಿದ್ನಂತ್ರಿ,
ಆಯಿ ಹೇಳತಿದ್ಲು.'
ಕೆರಿ ಅಲ್ಲ ಮಗಳ, ಕೆರೆನ್. ಆಫ್ರಿಕದ ಗುಡ್ಡ.
ಗುಟುಕು ನೀರಿಗೆ ಹೆಣ ಬೀಳುವ ಬೋಳು ಕಲ್ಲು.
ಜತ್ತ ಸೀಮೆಯವನಿಗೆ ಅದು
ಪರದೇಶ ಅನ್ನಿಸಿರಲಿಕ್ಕಿಲ್ಲ.

ಮೇಲಿನ ನಂಬರು, ಕೆಳಗಿನ ನಂಬರು ಒಂದೇ,
ಜಾತಕ ಕೂಡಿದೆ. ಬೆಲೆ ಏರುತ್ತದೆ.
ಬಲಗಡೆಯ ಹಿಡಿ ಮೂಲದ್ದಲ್ಲ, ಜಾಲಿ ಕಟ್ಟಿಗೆ,
ಯಾರೋ ಕೂತು ಚಾಕುವಿನಿಂದ ಕೆತ್ತಿದ್ದು. ಇಳಿಯುತ್ತದೆ.
ಹಗೇವಿನಲ್ಲಿ ಒಂದೇ ಮಗ್ಗುಲಾಗಿ ಮಲಗಿ
ಕಪ್ಪೆಲ್ಲ ತುಕ್ಕು ತಿಂದಿದೆ. ಮತ್ತೆ ಇಳಿಯುತ್ತದೆ.
ಲೈಸೆನ್ಸು ಇಲ್ಲವೆಂದ ಮೇಲೆ
ಏರಿದ್ದೂ ಇಳಿದದ್ದೂ ಠಾಣೆಯ ಕಪಾಟಿಗೆ.

ಗುಂಡು ಒಂದೊಂದಾಗಿ ಹೆಬ್ಬೆರಳಿನಿಂದ ಜಾರಿಸಿದೆ.
ಏಳು ಹಿಡಿಯುವ ಜಾಗದಲ್ಲಿ ಆರು.
ತೆಗೆದ ಮೇಲೂ ಸ್ಪ್ರಿಂಗು ಏಳಲಿಲ್ಲ,
ಎಂಬತ್ತು ವರ್ಷ ಅದುಮಿಸಿಕೊಂಡು
ಅದುಮಿದ ಆಕಾರವೇ ತನ್ನದೆಂದುಕೊಂಡಿತ್ತು.

'ಏಳನೇದು ಯಾರ ಮ್ಯಾಲ ಹಾರಿತೋ, ಮಗಳ.'

ಸುಸಲವ್ವ ಎಲೆಯಡಿಕೆ ಚಂಚಿ ತಡಕಾಡಿದಳು.
ಸುಣ್ಣದ ಡಬ್ಬಿಯ ಕೆಳಗಿಂದ ತೆಗೆದಳು ಅದನ್ನು,
ಬೆರಳಾಡಿ ಆಡಿ ಹಿತ್ತಾಳೆ ಬಂಗಾರವಾಗಿತ್ತು.
'ಹಾರಿಲ್ರಿ. ಆಯಿ ಇದನ್ನ
ಒಂದ ತೊಲಿ ಅಂತ ತಕ್ಕಡ್ಯಾಗ ಇಡತಿದ್ಲು.
ಹಿಂಗು, ಗಸಗಸಿ, ಯಾಲಕ್ಕಿ.
ಮಿಲಿಟರಿ ತೂಕ, ಸುಳ್ಳಾಗಂಗಿಲ್ಲ, ಅಂತಿದ್ಲು.'

ಪಕ್ಕದ ಪತ್ತಾರನ ಕಾಟಾದ ಮೇಲಿಟ್ಟೆವು.
ಒಂಬತ್ತೂವರೆ ಗ್ರಾಂ.
ತೊಲವೆಂದರೆ ಹನ್ನೊಂದೂ ಮುಕ್ಕಾಲಕ್ಕೆ ಹತ್ತಿರ.
ಪತ್ತಾರ ನಕ್ಕ. ಆಕೆ ನಗಲಿಲ್ಲ.
ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ
'ಆಯಿಗೆ ಗೊತ್ತಿತ್ತೇನ್ರಿ?' ಅಂದಳು.

ಬಂದೂಕದ ವಯಸ್ಸು ಹೇಳಬಲ್ಲೆ, ಊರು ಹೇಳಬಲ್ಲೆ,
ಅದು ಬಿದ್ದ ಮಣ್ಣಿನ ಬಣ್ಣ ತುಕ್ಕಿನಲ್ಲಿ ಹೇಳಬಲ್ಲೆ.
ಇದಕ್ಕೆ ನನ್ನಲ್ಲಿ ಭೂತಗನ್ನಡಿ ಇರಲಿಲ್ಲ.

ನನ್ನ ಅಮ್ಮಾ ಉಮದಿಯವಳೇ.
ತಂಗಿಯ ಬಾಣಂತನಕ್ಕೆ ಹಿಂಗು ತಂದದ್ದು ಆ ಅಂಗಡಿಯಿಂದಲೇ.
ಪುಡಿಕೆಯನ್ನು ಅಂಗೈಯಲ್ಲಿ ಎತ್ತಿ ಎತ್ತಿ ನೋಡಿ
ಸುಮ್ಮನೆ ಕಟ್ಟಿಡುತ್ತಿದ್ದಳು.
ಇದನ್ನು ಸುಸಲವ್ವನಿಗೆ ಹೇಳಲಿಲ್ಲ.

ಠಾಣೆಗೆ ಕೊಡಲು ಚೀಟಿ ಬರೆದೆ:
ಇಟಲಿ ಪಿಸ್ತೂಲು ಒಂದು, ೧೯೪೦, ನಂಬರು ಸರಿ,
ಗುಂಡು ಆರು.
ಆರನ್ನು ಹೊಡೆದು ಏಳು ಮಾಡಿದೆ.
ಏಳನೆಯದನ್ನು ಅರಿವೆಯಲ್ಲಿ ಕಟ್ಟುವಾಗ
ಆಕೆಯ ಕೈ ಒಂದು ಗಳಿಗೆ ಅದನ್ನು ತೂಗಿತು.

ಬೆಲೆ ಎಂಬ ಕಡೆ ಗೆರೆ ಎಳೆದು ಬಿಟ್ಟೆ.
ಎಣ್ಣೆಗೆ ಇಪ್ಪತ್ತು ರೂಪಾಯಿ ಕೊಟ್ಟಳು.
ಎರಡು ಸಲ ಎಣಿಸಿ ಕೊಟ್ಟಳು.