ಮೂರನೆಯ ಹೋಡಿ

ಮೊಂಬಾಸಾದ ಹಳೇ ಓಣಿಯಲ್ಲಿ
ಯಾರ ಮನೆಗೂ ಸುಮ್ಮನೆ ನುಗ್ಗುವಂತಿಲ್ಲ.
ಹೊಸ್ತಿಲಾಚೆ ನಿಂತು ಕೂಗಬೇಕು: ಹೋಡಿ.
ಒಳಗಿಂದ ಕರೀಬು ಎಂದು ಯಾರಾದರೂ ಓಗೊಟ್ಟರೆ
ಆಗ ಚಪ್ಪಲಿ ಕಳಚು.
ಮೂರು ಸಲ ಕೂಗಿಯೂ ಸೊಲ್ಲಿಲ್ಲವೆಂದರೆ
ಮುಖ ಸಣ್ಣ ಮಾಡಿಕೊಳ್ಳದೆ ತಿರುಗಿ ನಡೆ.
ಇಷ್ಟನ್ನು ನನಗೆ ಹೇಳಿಕೊಟ್ಟದ್ದು ನನ್ನ ಅಜ್ಜಿ,
ತೆಂಗಿನ ತುರಿಯ ಕೈಯಲ್ಲೇ ಕಿವಿ ಹಿಂಡಿ.

ಇದನ್ನೇ ಎರಡನೇ ವರ್ಷದಲ್ಲಿ ನ್ಯಾಬುಟೊ ಮೇಷ್ಟ್ರು
ಹಲಗೆಯ ಮೇಲೆ ಮೂರು ಓರೆ ಬಾಣ ಎಳೆದು
ಕೈಕುಲುಕು ಎಂದರು.
ಈ ಯಂತ್ರ: ಇದ್ದೀಯಾ?
ಆ ಯಂತ್ರ: ಇದ್ದೇನೆ, ನನ್ನ ದನಿ ಕೇಳಿತೆ?
ಈ ಯಂತ್ರ: ಕೇಳಿತು.
ಆಮೇಲಷ್ಟೇ ಮಾತು.
ಹಿಂದಿನ ಬೆಂಚಿನಲ್ಲಿ ನಾನು ಕಿಸಕ್ಕೆಂದೆ.
ಪಕ್ಕದ ಕಜುಂಗು ನಗಲಿಲ್ಲ, ಬರೆದುಕೊಂಡ,
ಬಾಣಗಳನ್ನು ಅಡಿಪಟ್ಟಿ ಇಟ್ಟು ಎಳೆದ.

ಲ್ಯಾಬಿನಲ್ಲಿ ಇಬ್ಬರಿಗೊಂದು ಇಕ್ಕಳ.
ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ,
ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು:
ಎಂಟು ಎಳೆ ಸಾಲಾಗಿ ನಿಲ್ಲಬೇಕು, ಮದರಸದ ಮಕ್ಕಳ ಹಾಗೆ.
ನಾನು ಸದಾ ನೀಲಿಯನ್ನೂ ಹಸಿರನ್ನೂ ಅದಲು ಬದಲು ಮಾಡುವೆ,
ನಾಲ್ಕರ ಸರದಿಗೆ ಆರನೇ ದೀಪ ಹತ್ತುತ್ತದೆ.
ಕಜುಂಗು ಬೈಯುವುದಿಲ್ಲ.
ತಲೆ ಕತ್ತರಿಸಿ, ಸಿಪ್ಪೆ ಸುಲಿದು, ಮತ್ತೆ ಕೈಗಿಡುತ್ತಾನೆ.
'ಮ್ವನಾಯಿದಿ, ಬಣ್ಣ ನೋಡು, ಬಾಗಿಲು ನೋಡಬೇಡ.'
(ಬಾಗಿಲಲ್ಲಿ ಸಮೋಸದವನು ನಿಂತಿರುತ್ತಿದ್ದ.)

ಸೋಮವಾರ ಇಕ್ಕಳ ನನ್ನೊಬ್ಬಳಿಗೇ ಸಿಕ್ಕಿತು.
ಶುಲ್ಕ ಬಾಕಿಯವರ ಪಟ್ಟಿ ಗೋಡೆಯ ಮೇಲಿತ್ತು,
ನಾನು ಓದಲಿಲ್ಲ, ಓದಿದವರು ಹೇಳಿದರು.

ಅದೇ ವಾರದ ಪಾಠ:
ಉತ್ತರ ಬರದಿದ್ದರೆ ಮತ್ತೆ ಕಳಿಸು,
ಪ್ರತಿ ಸಲವೂ ಕಾಯುವ ಹೊತ್ತು ಇಮ್ಮಡಿ ಮಾಡು.
'ಯಾಕೆ, ಸರ್?'
'ಆಚೆಯವನು ಸತ್ತಿದ್ದಾನೆಂದು ತಿಳಿಯಬೇಡ.
ದಾರಿ ಕಿಕ್ಕಿರಿದಿರಬಹುದು.
ನೀನೂ ನುಗ್ಗಿ ಅದನ್ನಿನ್ನಷ್ಟು ಕೆಡಿಸಬೇಡ.'

ಒಂದು ದಿನ ಬಿಟ್ಟು ಹಾಸ್ಟೆಲಿನ ಹದಿನೇಳನೇ ಕೋಣೆಗೆ ಹೋದೆ. ಹೋಡಿ.
ಎರಡು ದಿನ ಬಿಟ್ಟು ಹೋದೆ. ಹೋಡಿ.
ಬೀಗದ ಮೇಲೆ ಸಣ್ಣ ಜೇಡ ಮನೆ ಹೂಡಿತ್ತು.
ನಾಲ್ಕು ದಿನ ಬಿಟ್ಟು ಹೋದೆ, ಮೂರನೆಯದು.
ಅಜ್ಜಿಯ ಲೆಕ್ಕ ಅಲ್ಲಿಗೆ ಮುಗಿಯಿತು.
ಮೇಷ್ಟ್ರ ಲೆಕ್ಕ ಮುಗಿದಿರಲಿಲ್ಲ,
ಇನ್ನೂ ಎಂಟು ದಿನವಿತ್ತು.

ಐದನೆಯ ದಿನ, ಚಿಕ್ಕಮ್ಮನ ಮಗಳ ಮದುವೆಗೆಂದು
ಕಿಲಿಫಿಯ ಕಡೆ ಹೊರಟ ಮತಾತುವಿನಲ್ಲಿ
ಕಿಟಕಿಗೆ ಮೂಗೊತ್ತಿ ಕೂತಿದ್ದೆ.
ರಸ್ತೆಯಂಚಿಗೆ ಉದ್ದಾನುದ್ದ ಕಾಲುವೆ ತೋಡಿದ್ದರು,
ಅದರಲ್ಲಿ ಸೊಂಟದವರೆಗೆ ಮನುಷ್ಯರು,
ಗುದ್ದಲಿಗಳು, ಕಿತ್ತಳೆ ಬಣ್ಣದ ಕೊಳವೆಯ ಸುರುಳಿ,
ಆ ಸುರುಳಿಯ ಪಕ್ಕ
ಎಳೆಗಳ ತಲೆ ಕತ್ತರಿಸುತ್ತಿದ್ದ ಹಾಗೇ ಬೆನ್ನು ಬಾಗಿಸಿ ಅವನು.

ಇಳಿಸು ಇಳಿಸು ಎಂದು ಕೂಗಿದೆ.
ಮದುವೆಗೆಂದುಟ್ಟ ಹೊಸ ಬಟ್ಟೆಯಲ್ಲೇ ಹೋಗಿ ನಿಂತೆ.
ಬಾಗಿಲಿಲ್ಲದ, ಹೊಸ್ತಿಲಿಲ್ಲದ ಗುಂಡಿಗೆ
ಎಲ್ಲಿ ನಿಂತು ಕೂಗುವುದು ಗೊತ್ತಾಗಲಿಲ್ಲ.
ಹೋಡಿ, ಎಂದೆ.
ತಲೆಯೆತ್ತದೆ ಅಂದ: ಕರೀಬು.
ಆಮೇಲೆ ತಲೆಯೆತ್ತಿದ.

'ಇದರೊಳಗೆ ಗಾಜಿನ ಎಳೆ ಬರುತ್ತದೆ,
ಸಮುದ್ರದಿಂದ ಬಂದದ್ದರ ಮೊಮ್ಮಗ,' ಎಂದ.
'ಪುಸ್ತಕದಲ್ಲಿ ಮೊದಲ ಪದರಕ್ಕೆ ಒಂದೇ ಪುಟ ಕೊಟ್ಟಿದ್ದಾರೆ.
ಇಲ್ಲಿ ನೋಡು, ದಿನಕ್ಕೆ ಹನ್ನೆರಡು ಮೀಟರು.
ಹವಳದ ಕಲ್ಲು. ಗುದ್ದಲಿಯೇ ಮುರಿಯುತ್ತದೆ.'
ನಕ್ಕ. ಹಲ್ಲಿಗೂ ಬಿಳಿ ಧೂಳು.
'ಎಷ್ಟನೇ ಪದರದಲ್ಲಿದ್ದೀರಿ ಈಗ?'
ನಾಲ್ಕು, ಎಂದೆ.
'ನೀಲಿ, ಹಸಿರು?'
ಇನ್ನೂ ತಪ್ಪುತ್ತೇನೆ, ಎಂದೆ.

ಚೀಲದಲ್ಲಿ ಅವನಿಲ್ಲದ ದಿನಗಳ ಟಿಪ್ಪಣಿಯಿತ್ತು,
ಬಾಣಗಳನ್ನು ನಾನೂ ಅಡಿಪಟ್ಟಿ ಇಟ್ಟು ಎಳೆದಿದ್ದೆ.
ಚಪ್ಪಲಿ ಕಳಚಿ ಒಳಗಿಳಿದೆ.
ಮೇಲೆ ಮತಾತು ಹಾರನ್ನು ಹೊಡೆದು ಹೊಡೆದು ಹೊರಟುಹೋಯಿತು.
ಮುಂದಿನದು ಎಷ್ಟು ಹೊತ್ತಿಗೋ
ಇಬ್ಬರಿಗೂ ತಿಳಿಯದು.